ಕಾರಿನ ಎಸಿ ಹಾಕಿದಾಗ ಕೇಳುವ ‘ಟಕ್’ ಸದ್ದು ಏನು? ಕಂಪ್ರೆಸರ್ ಕ್ಲಚ್ ಅರ್ಥವಾದರೆ ಹಲವು ಫಾರ್ವರ್ಡ್‌ಗಳ ನಿಜವೂ ತಿಳಿಯುತ್ತದೆ

ಎಂಜಿನ್ ಓಡುತ್ತಿರುವಾಗ ಕಾರಿನ ಎಸಿ ಬಟನ್ ಒತ್ತಿ ನೋಡಿ. ಒಂದೆರಡು ಸೆಕೆಂಡಿನಲ್ಲಿ ಬಾನೆಟ್ ಒಳಗಿಂದ ‘ಟಕ್’ ಎಂದು ಸಣ್ಣ ಸದ್ದು ಬರುತ್ತದೆ. ಎಂಜಿನ್ ಒಂದು ಕ್ಷಣ ಭಾರ ಹೊತ್ತಂತೆ ಕುಗ್ಗಿ, ಮತ್ತೆ ಸರಿಹೋಗುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೊಂದು ‘ಟಕ್’. ಈ ಸದ್ದು ಕೇಳಿ ‘ಕಂಪ್ರೆಸರ್ ಹೋಯಿತೇನೋ’ ಎಂದು ಹೆದರುವವರಿದ್ದಾರೆ. ನಿಜ ಹೇಳಬೇಕೆಂದರೆ, ಆ ಸದ್ದು ಬಂದರೇ ಎಸಿ ಕೆಲಸ ಮಾಡುತ್ತಿದೆ ಎಂದರ್ಥ.

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಕಡೆ ಮಾರ್ಚ್ ಕಳೆಯುತ್ತಿದ್ದಂತೆ ಬಿಸಿಲು ಏರುತ್ತದೆ. ಅದರ ಜೊತೆಗೆ ಕಾರಿನ ಎಸಿ ಬಗ್ಗೆ ವಾಟ್ಸಾಪ್ ಸಂದೇಶಗಳೂ ಏರುತ್ತವೆ. ಎಸಿ ಹಾಕಿಕೊಂಡು ಗಾಡಿ ಸ್ಟಾರ್ಟ್ ಮಾಡಿದರೆ ಎಂಜಿನ್ ಕೆಡುತ್ತದೆ, ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸಲೇಬೇಕು, ಕಾರಿನಲ್ಲಿ ಎಸಿ ಹಾಕಿ ಮಲಗಿದರೆ ಎಸಿ ಗ್ಯಾಸ್‌ನಿಂದ ಸಾವು ಬರುತ್ತದೆ, ಹೀಗೆ. ಇವುಗಳಲ್ಲಿ ಕೆಲವು ಪೂರ್ತಿ ಸುಳ್ಳು. ಕೆಲವು ಅರ್ಧ ನಿಜ. ಒಂದರಲ್ಲಿ ಮಾತ್ರ ಎಚ್ಚರಿಕೆ ನಿಜ, ಹೇಳಿದ ಕಾರಣ ತಪ್ಪು. ಆ ತಪ್ಪು ಜೀವಕ್ಕೇ ಸಂಬಂಧಿಸಿದ್ದು. ಇವನ್ನೆಲ್ಲ ಬಿಡಿಸಿ ನೋಡಲು ಒಂದೇ ಭಾಗವನ್ನು ಅರ್ಥ ಮಾಡಿಕೊಂಡರೆ ಸಾಕು. ಅದೇ ಎಸಿ ಕಂಪ್ರೆಸರ್‌ನ ಕ್ಲಚ್.

ಮೊದಲಿಗೆ, ಕಂಪ್ರೆಸರ್ ಏನು ಮಾಡುತ್ತದೆ?

ಕೈಗೆ ಸ್ಪಿರಿಟ್ ಹಚ್ಚಿದರೆ ತಣ್ಣಗೆನಿಸುತ್ತದೆ. ದ್ರವವು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುವುದೇ ಇದಕ್ಕೆ ಕಾರಣ. ಮನೆಯ ಫ್ರಿಜ್, ಕಾರಿನ ಎಸಿ ಎರಡೂ ನಡೆಯುವುದು ಇದೇ ತತ್ವದ ಮೇಲೆ. ಕಾರಿನ ಎಸಿ ಕೊಳವೆಗಳಲ್ಲಿ ಇರುವ ಗ್ಯಾಸ್ (ಈಗ ಓಡುತ್ತಿರುವ ಬಹುತೇಕ ಕಾರುಗಳಲ್ಲಿ ಆರ್-134ಎ) ಡ್ಯಾಶ್‌ಬೋರ್ಡ್ ಹಿಂದಿನ ಕಾಯಿಲ್‌ನಲ್ಲಿ ದ್ರವದಿಂದ ಆವಿಯಾಗುತ್ತ ಒಳಗಿನ ಶಾಖವನ್ನು ಹೀರುತ್ತದೆ. ಆ ಆವಿಯನ್ನು ಒತ್ತಿ, ಮುಂದಿನ ಜಾಲರಿಯಲ್ಲಿರುವ ಕಂಡೆನ್ಸರ್‌ಗೆ ತಳ್ಳುವುದು ಕಂಪ್ರೆಸರ್. ಅಲ್ಲಿ ಅದು ಶಾಖವನ್ನು ಹೊರಗಾಳಿಗೆ ಬಿಟ್ಟು ಮತ್ತೆ ದ್ರವವಾಗುತ್ತದೆ. ಕಂಪ್ರೆಸರ್ ನಿಂತರೆ ಈ ಸುತ್ತಾಟ ನಿಲ್ಲುತ್ತದೆ. ಆಮೇಲೆ ಬರುವುದು ಬರೀ ಫ್ಯಾನ್ ಗಾಳಿ.

ಫ್ರಿಜ್‌ಗೆ ಬೇಡದ ಕ್ಲಚ್ ಕಾರಿಗೆ ಯಾಕೆ?

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜ್‌ಗಳನ್ನು ನೀವು ನೋಡಿರಬಹುದು. ಅಲ್ಲಿ ಕಂಪ್ರೆಸರ್ ನಡೆಸುವುದು ವಿದ್ಯುತ್ ಮೋಟಾರು. ಬೇಕಾದಷ್ಟು ತಂಪಾದ ಮೇಲೆ ಮೋಟಾರು ನಿಲ್ಲಿಸಿದರಾಯಿತು. ಮನೆಯ ಫ್ರಿಜ್ ಕೂಡ ಹಾಗೇ ತನ್ನಷ್ಟಕ್ಕೆ ನಿಂತು, ತನ್ನಷ್ಟಕ್ಕೆ ಶುರುವಾಗುತ್ತದೆ.

ಕಾರಿನಲ್ಲಿ ಹಾಗೆ ಮಾಡಲು ಬರುವುದಿಲ್ಲ. ಪೆಟ್ರೋಲ್, ಡೀಸೆಲ್ ಗಾಡಿಗಳಲ್ಲಿ ಕಂಪ್ರೆಸರ್ ತಿರುಗಿಸುವುದು ಎಂಜಿನ್. ನಡುವೆ ಇರುವುದು ಒಂದು ರಬ್ಬರ್ ಬೆಲ್ಟ್. ಒಳಗೆ ತಂಪಾಯಿತು ಎಂದು ಎಂಜಿನ್ ನಿಲ್ಲಿಸಿದರೆ ಗಾಡಿಯೇ ನಿಲ್ಲುತ್ತದೆ! ಹಾಗಾಗಿ ಎಂಜಿನ್ ಓಡುತ್ತಲೇ ಇರಬೇಕು, ಬೆಲ್ಟ್ ತಿರುಗುತ್ತಲೇ ಇರಬೇಕು, ಕಂಪ್ರೆಸರ್ ಮಾತ್ರ ಬೇಕೆಂದಾಗ ತಿರುಗಬೇಕು, ಬೇಡವೆಂದಾಗ ನಿಲ್ಲಬೇಕು. ಈ ಕೆಲಸಕ್ಕೇ ಕ್ಲಚ್ ಇರುವುದು.

ಕಾರಿನ ಎಸಿಯ ಆರಂಭದ ದಿನಗಳಲ್ಲಿ ಈ ಅನುಕೂಲ ಇರಲಿಲ್ಲ. ಅಮೆರಿಕದ ಪ್ಯಾಕರ್ಡ್ ಕಂಪನಿ 1939ರಲ್ಲಿ ಪರಿಚಯಿಸಿದ ಎಸಿ ಕಾರಿನಲ್ಲಿ ಕಂಪ್ರೆಸರ್‌ಗೆ ಕ್ಲಚ್ ಇರಲಿಲ್ಲ. ತಂಪು ಬೇಡವೆನಿಸಿದರೆ ಎಂಜಿನ್ ನಿಲ್ಲಿಸಿ, ಕೆಳಗಿಳಿದು, ಬಾನೆಟ್ ತೆಗೆದು, ಬೆಲ್ಟನ್ನೇ ಬಿಚ್ಚಿಡಬೇಕಿತ್ತು. ಇಂದು ನಮ್ಮ ಬೆರಳ ತುದಿಯ ಬಟನ್ ಮಾಡುವುದು ಅದೇ ಕೆಲಸವನ್ನು, ಬೆಲ್ಟ್ ಬಿಚ್ಚದೆ.

ಒಂದೇ ಮೋಟಾರಿನಿಂದ ಎರಡು ಮೂರು ಯಂತ್ರ ನಡೆಸುತ್ತಿದ್ದ ಹಳೆಯ ಹಿಟ್ಟಿನ ಗಿರಣಿಗಳನ್ನು ಕಂಡವರಿಗೆ ಇದು ಬೇಗ ಹೊಳೆಯುತ್ತದೆ. ಅಲ್ಲಿ ಪಕ್ಕಪಕ್ಕದಲ್ಲಿ ಎರಡು ಪುಲ್ಲಿಗಳಿರುತ್ತಿದ್ದವು. ಒಂದು ಬಿಗಿ, ಇನ್ನೊಂದು ಸಡಿಲ. ಬೆಲ್ಟ್ ಸಡಿಲ ಪುಲ್ಲಿಯ ಮೇಲಿದ್ದರೆ ಅದು ಬರಿದೇ ತಿರುಗುತ್ತದೆ, ಬೀಸುವ ಕಲ್ಲು ತಿರುಗುವುದಿಲ್ಲ. ಬಿಗಿ ಪುಲ್ಲಿಗೆ ಸರಿಸಿದರೆ ಕಲ್ಲು ತಿರುಗುತ್ತದೆ. ಕಾರಿನ ಎಸಿಯಲ್ಲಿ ಬೆಲ್ಟ್ ಸರಿಸುವ ಕೆಲಸವನ್ನು ಅಯಸ್ಕಾಂತ ಮಾಡುತ್ತದೆ, ಅಷ್ಟೇ ವ್ಯತ್ಯಾಸ.

‘ಟಕ್’ ಸದ್ದು ಎಲ್ಲಿಂದ ಬರುತ್ತದೆ?

ಕ್ಲಚ್‌ನಲ್ಲಿ ಮುಖ್ಯವಾಗಿ ಮೂರು ಭಾಗಗಳಿವೆ.

ಒಂದು, ಪುಲ್ಲಿ. ಬೆಲ್ಟ್ ಕೂರುವುದು ಇದರ ಮೇಲೆ. ಇದು ಬೇರಿಂಗ್ ಮೇಲೆ ಸಡಿಲವಾಗಿ ಕೂತಿರುತ್ತದೆ. ಎಂಜಿನ್ ಓಡುವಷ್ಟು ಹೊತ್ತೂ, ಎಸಿ ಇರಲಿ ಬಿಡಲಿ, ತಿರುಗುತ್ತಲೇ ಇರುತ್ತದೆ.

ಎರಡು, ಕಾಯಿಲ್. ಪುಲ್ಲಿಯ ಹಿಂದೆ ಅಲುಗಾಡದೆ ಕೂತಿರುವ ತಾಮ್ರದ ತಂತಿಯ ಸುರುಳಿ. ಶಾಲೆಯಲ್ಲಿ ಕಬ್ಬಿಣದ ಮೊಳೆಗೆ ತಂತಿ ಸುತ್ತಿ, ಬ್ಯಾಟರಿ ಜೋಡಿಸಿ, ಗುಂಡುಪಿನ್ನುಗಳನ್ನು ಎತ್ತುವ ಪ್ರಯೋಗ ನೆನಪಿದೆಯೇ? ಇದು ಅದೇ ವಿದ್ಯುತ್ಕಾಂತ, ಸ್ವಲ್ಪ ದೊಡ್ಡದು.

ಮೂರು, ಮುಂದಿನ ಪ್ಲೇಟು. ಕಂಪ್ರೆಸರ್‌ನ ಶಾಫ್ಟಿಗೆ ಬಿಗಿಯಾಗಿ ಜೋಡಿಸಿದ ಉಕ್ಕಿನ ತಟ್ಟೆ. ಇದಕ್ಕೂ ಪುಲ್ಲಿಗೂ ನಡುವೆ ಕೂದಲೆಳೆಯಷ್ಟೇ ಎನ್ನಬಹುದಾದ ಸಂದು, ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಆಸುಪಾಸು.

ನೀವು ಬಟನ್ ಒತ್ತಿದಾಗ ಕಾಯಿಲ್‌ಗೆ 12 ವೋಲ್ಟ್ ಕರೆಂಟ್ ಹೋಗುತ್ತದೆ. ಕಾಯಿಲ್ ಅಯಸ್ಕಾಂತವಾಗಿ, ಪ್ಲೇಟನ್ನು ಎಳೆದು ಪುಲ್ಲಿಗೆ ಅಂಟಿಸುತ್ತದೆ. ಉಕ್ಕು ಉಕ್ಕಿಗೆ ಬಡಿದ ಸದ್ದೇ ಆ ‘ಟಕ್’. ಈಗ ಪುಲ್ಲಿಯ ಜೊತೆ ಪ್ಲೇಟೂ, ಪ್ಲೇಟಿನ ಜೊತೆ ಕಂಪ್ರೆಸರ್ ಕೂಡ ತಿರುಗುತ್ತದೆ. ಕರೆಂಟ್ ನಿಂತರೆ ಪ್ಲೇಟಿನಲ್ಲಿರುವ ಸ್ಪ್ರಿಂಗ್ ಅದನ್ನು ಹಿಂದಕ್ಕೆ ಎಳೆಯುತ್ತದೆ. ಸಂಬಂಧ ಕಡಿಯುತ್ತದೆ.

ಕಾಯಿಲ್ ತಿನ್ನುವುದು ಹೆಚ್ಚೆಂದರೆ 3ರಿಂದ 4 ಆಂಪಿಯರ್, ಅಂದರೆ ಹಳೆಯ ಕಾಲದ 40 ವ್ಯಾಟ್ ಬಲ್ಬಿನಷ್ಟು ವಿದ್ಯುತ್. ಆದರೆ ಅದು ಜೋಡಿಸಿಕೊಡುವ ಕಂಪ್ರೆಸರ್ ಎಂಜಿನ್‌ನಿಂದ ಕೆಲವು ಅಶ್ವಶಕ್ತಿಯನ್ನೇ ಎಳೆಯುತ್ತದೆ. ‘ಟಕ್’ ಎಂದಾಗ ಎಂಜಿನ್ ಕ್ಷಣಕಾಲ ಕುಗ್ಗುವುದು ಇದಕ್ಕೇ.

ಮತ್ತೆ ಮತ್ತೆ ‘ಟಕ್’ ಎನ್ನುವುದು ರೋಗವೇ?

ಅಲ್ಲ. ಕ್ಲಚ್ಚನ್ನು ನಡೆಸುವುದು ನಿಮ್ಮ ಬಟನ್ ಒಂದೇ ಅಲ್ಲ. ಒಳಗಿನ ಕಾಯಿಲ್ ಹಿಮಗಟ್ಟುವಷ್ಟು ತಣ್ಣಗಾದರೆ ಸೆನ್ಸರ್ ಕ್ಲಚ್ ಬಿಡಿಸುತ್ತದೆ, ಸ್ವಲ್ಪ ಬೆಚ್ಚಗಾದರೆ ಮತ್ತೆ ಹಿಡಿಸುತ್ತದೆ. ಎಂಜಿನ್ ವಿಪರೀತ ಕಾದರೂ ಬಿಡಿಸುತ್ತದೆ. ಹೆದ್ದಾರಿಯಲ್ಲಿ ಲಾರಿ ಹಿಂದಿಕ್ಕಲು ಆಕ್ಸಿಲರೇಟರ್ ಪೂರ್ತಿ ಒತ್ತಿದರೆ, ಹಲವು ಕಾರುಗಳಲ್ಲಿ ಕೆಲವು ಸೆಕೆಂಡ್ ಕ್ಲಚ್ ಬಿಡಿಸಿ ಪೂರ್ಣ ಶಕ್ತಿಯನ್ನು ಚಕ್ರಗಳಿಗೆ ಕೊಡುತ್ತದೆ. ಕೊಳವೆಯಲ್ಲಿ ಗ್ಯಾಸಿನ ಒತ್ತಡ ತೀರಾ ಕಡಿಮೆಯಾದರೂ, ತೀರಾ ಹೆಚ್ಚಾದರೂ ಕ್ಲಚ್ ಹಿಡಿಯುವುದಿಲ್ಲ.

ಆದರೆ ನಿಮಿಷಕ್ಕೆ ಹಲವು ಬಾರಿ, ಎರಡು ಮೂರು ಸೆಕೆಂಡಿಗೊಮ್ಮೆ ‘ಟಕ್ ಟಕ್’ ಎನ್ನುತ್ತಿದ್ದರೆ, ಜೊತೆಗೆ ತಂಪೂ ಕಡಿಮೆ ಇದ್ದರೆ, ಅದು ಗ್ಯಾಸ್ ಕಡಿಮೆಯಾಗಿರುವ ಸಾಮಾನ್ಯ ಲಕ್ಷಣ. ಪರೀಕ್ಷೆ ಮಾಡಿಸಬೇಕು.

ಇನ್ನೊಂದು ಮಾತು. ಎಲ್ಲ ಗಾಡಿಗಳಲ್ಲೂ ಈ ಸದ್ದು ಇರುವುದಿಲ್ಲ. ಕೆಲವು ಹೊಸ ಕಾರುಗಳ ಕಂಪ್ರೆಸರ್ ಸದಾ ತಿರುಗುತ್ತಿದ್ದು, ಎಷ್ಟು ಗ್ಯಾಸ್ ಒತ್ತಬೇಕೆಂಬುದನ್ನು ಒಳಗೇ ಹೊಂದಿಸಿಕೊಳ್ಳುತ್ತದೆ. ಎಲೆಕ್ಟ್ರಿಕ್ ಕಾರಿನಲ್ಲಿ ಬೆಲ್ಟೇ ಇಲ್ಲ, ಕಂಪ್ರೆಸರ್‌ಗೆ ಸ್ವಂತ ಮೋಟಾರು ಇರುತ್ತದೆ. ಅಂಥ ಗಾಡಿಗಳಲ್ಲಿ ‘ಟಕ್’ ಕೇಳದಿದ್ದರೆ ಗಾಬರಿ ಬೇಡ.

ಈಗ ಫಾರ್ವರ್ಡ್‌ಗಳನ್ನು ನೋಡೋಣ

*“ಎಸಿ ಆನ್ ಇಟ್ಟು ಗಾಡಿ ಸ್ಟಾರ್ಟ್ ಮಾಡಿದರೆ ಎಂಜಿನ್, ಕಂಪ್ರೆಸರ್ ಕೆಡುತ್ತವೆ.”* ಇಂದಿನ ಬಹುತೇಕ ಕಾರುಗಳಲ್ಲಿ ಇದು ನಿಜವಲ್ಲ. ಬಟನ್ ಒತ್ತಿದ್ದರೂ, ಎಂಜಿನ್ ಸ್ಟಾರ್ಟ್ ಆಗಿ ಹದಕ್ಕೆ ಬರುವವರೆಗೆ ಗಾಡಿಯ ಕಂಪ್ಯೂಟರ್ ಕ್ಲಚ್‌ಗೆ ಕರೆಂಟ್ ಬಿಡುವುದಿಲ್ಲ. ಹಳೆಯ ಗಾಡಿಗಳಲ್ಲಿ, ಬ್ಯಾಟರಿ ದುರ್ಬಲವಾಗಿದ್ದಾಗ, ಎಸಿ ಮತ್ತು ಫ್ಯಾನ್ ಆಫ್ ಮಾಡಿ ಸ್ಟಾರ್ಟ್ ಮಾಡುವುದು ಒಳ್ಳೆಯ ರೂಢಿ. ಮರೆತರೆ ಎಂಜಿನ್ ಹಾಳಾಗುತ್ತದೆ ಎನ್ನುವುದು ಮಾತ್ರ ಅತಿಶಯೋಕ್ತಿ.

*“ಕಿಟಕಿ ತೆರೆಯದೆ ಎಸಿ ಹಾಕಿದರೆ ಬೆಂಜೀನ್ ವಿಷದಿಂದ ಕ್ಯಾನ್ಸರ್.”* ವರ್ಷಗಳಿಂದ ಸುತ್ತುತ್ತಿರುವ ಸಂದೇಶ ಇದು. ಬಿಸಿಲಿನಲ್ಲಿ ನಿಂತ ಕಾರಿನ ಪ್ಲಾಸ್ಟಿಕ್, ಅಂಟುಗಳಿಂದ ಅಲ್ಪ ಪ್ರಮಾಣದಲ್ಲಿ ರಾಸಾಯನಿಕ ಆವಿ ಹೊರಬರುವುದು ನಿಜ. ಆದರೆ ಎಸಿ ಬಟನ್ ಒತ್ತುವುದಕ್ಕೂ ಆ ಆವಿ ಹುಟ್ಟುವುದಕ್ಕೂ ಸಂಬಂಧವಿಲ್ಲ. ಬಟನ್ ಮಾಡುವುದು ಕ್ಲಚ್ ಹಿಡಿಸುವ ಕೆಲಸವನ್ನಷ್ಟೇ. ಆದರೂ ಒಂದೆರಡು ನಿಮಿಷ ಕಿಟಕಿ ತೆರೆದು ಹೊರಡುವ ಸಲಹೆ ಪಾಲಿಸುವಂಥದ್ದೇ. ಒಳಗಿನ ಕಾದ ಗಾಳಿ ಹೊರಹೋದರೆ ಕಂಪ್ರೆಸರ್‌ಗೆ ಕೆಲಸ ಕಡಿಮೆ, ನಿಮಗೂ ಬೇಗ ತಂಪು.

*“ಎಸಿ ಹಾಕಿದರೆ ಹೊರಗಿನ ಧೂಳು, ಹೊಗೆ ಒಳಗೆ ಬರುವುದಿಲ್ಲ.”* ಸುಗ್ಗಿಯ ದಿನಗಳಲ್ಲಿ ಬ್ಯಾಡಗಿ ಪೇಟೆ ಹಾದುಬಂದವರಿಗೆ ಉತ್ತರ ಗೊತ್ತು. ಎಸಿ ಹಾಕಿದ್ದರೂ ಮೆಣಸಿನಕಾಯಿ ಘಾಟಿಗೆ ಕೆಮ್ಮು ಬರುತ್ತದೆ. ಹೊರಗಾಳಿ ತಡೆಯುವುದು ಬೇರೆ ಬಟನ್, ಕಾರಿನ ಚಿತ್ರದೊಳಗೆ ಸುತ್ತುವ ಬಾಣದ ಗುರುತು ಇರುವಂಥದ್ದು. ಅದು ಗಾಳಿಯ ದಾರಿಯ ಬಾಗಿಲನ್ನು ಮುಚ್ಚುತ್ತದೆ. ಆಗ ಒಳಗಿನ ತಂಪಾದ ಗಾಳಿಯೇ ಮತ್ತೆ ಸುತ್ತುವುದರಿಂದ ಕಂಪ್ರೆಸರ್‌ನ ಭಾರವೂ ಇಳಿಯುತ್ತದೆ.

*“ಫ್ಯಾನ್ ಕಡಿಮೆ ಇಟ್ಟರೆ ಪೆಟ್ರೋಲ್ ಉಳಿಯುತ್ತದೆ.”* ಹೆಚ್ಚೇನೂ ಇಲ್ಲ. ಪೆಟ್ರೋಲ್ ತಿನ್ನುವುದು ಕ್ಲಚ್ ಹಿಡಿದಾಗ ತಿರುಗುವ ಕಂಪ್ರೆಸರ್, ಫ್ಯಾನಿನದು ಸಣ್ಣ ಪಾಲು. ಕೈಯಲ್ಲಿ ತಿರುಗಿಸುವ ನಾಬ್ ಇರುವ ಹಲವು ಕಾರುಗಳಲ್ಲಿ, ನಾಬನ್ನು ನಡುವಿಗೆ ತಿರುಗಿಸಿದರೆ ಕಂಪ್ರೆಸರ್ ನಿಲ್ಲುವುದೂ ಇಲ್ಲ. ತಂಪು ಗಾಳಿಗೆ ಎಂಜಿನ್ ಶಾಖದ ಬಿಸಿ ಗಾಳಿ ಬೆರೆಯುತ್ತದೆ, ಅಷ್ಟೇ. ಉಳಿತಾಯ ಬೇಕೆಂದರೆ ಸಾಕಷ್ಟು ತಂಪಾದ ಮೇಲೆ ಎಸಿ ಬಟನ್ ಆಫ್ ಮಾಡಿ, ಫ್ಯಾನ್ ಬಿಡಿ. ಕ್ಲಚ್ ಬಿಟ್ಟ ಮೇಲೆ ಪುಲ್ಲಿ ಬರಿದೇ ತಿರುಗುತ್ತದೆ, ಖರ್ಚು ಇಲ್ಲವೆನ್ನುವಷ್ಟು ಕಡಿಮೆ.

*“ವರ್ಷಕ್ಕೊಮ್ಮೆ ಎಸಿ ಗ್ಯಾಸ್ ತುಂಬಿಸಲೇಬೇಕು.”* ಗ್ಯಾಸ್ ಪೆಟ್ರೋಲಿನಂತೆ ಉರಿದು ಹೋಗುವುದಲ್ಲ. ಮುಚ್ಚಿದ ಕೊಳವೆಯಲ್ಲಿ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ಮನೆಯ ಫ್ರಿಜ್‌ಗೆ ನಾವು ವರ್ಷವರ್ಷ ಗ್ಯಾಸ್ ತುಂಬಿಸುತ್ತೇವೆಯೇ? ಕಾರಿನಲ್ಲಿ ರಬ್ಬರ್ ಪೈಪು, ಅಲುಗಾಟ ಇರುವುದರಿಂದ ವರ್ಷಗಳು ಕಳೆದಂತೆ ಸ್ವಲ್ಪ ಸೋರಬಹುದು. ಪ್ರತಿ ಬೇಸಿಗೆಗೂ ಖಾಲಿಯಾಗುತ್ತಿದ್ದರೆ ಎಲ್ಲೋ ತೂತಿದೆ. ತೂತು ಹುಡುಕದೆ ಗ್ಯಾಸ್ ತುಂಬಿದರೆ ತೂತಿನ ಬಿಂದಿಗೆಗೆ ನೀರು ತುಂಬಿದಂತೆ.

ಇಲ್ಲಿ ಒಂದು ಎಚ್ಚರಿಕೆ. ಗ್ಯಾಸ್ ಕಡಿಮೆಯಾಗಿ ಕ್ಲಚ್ ಹಿಡಿಯದಿದ್ದಾಗ, ಪ್ರೆಷರ್ ಸ್ವಿಚ್ಚಿನ ತಂತಿಗಳನ್ನು ನೇರ ಜೋಡಿಸಿ ಹಿಡಿಸುವ ‘ಟ್ರಿಕ್’ ತೋರಿಸುವ ವಿಡಿಯೊಗಳು ಬರುತ್ತವೆ. ಮಾಡಬೇಡಿ. ಕಂಪ್ರೆಸರ್‌ಗೆ ಎಣ್ಣೆ ತಲುಪುವುದು ಗ್ಯಾಸಿನ ಜೊತೆಗೇ. ಗ್ಯಾಸ್ ಇಲ್ಲದೆ ತಿರುಗಿಸಿದರೆ ಒಣಗಿದ ಯಂತ್ರ ಸವೆದು ಹಿಡಿದುಕೊಳ್ಳುತ್ತದೆ. ಸಣ್ಣ ಸೋರಿಕೆಯ ಖರ್ಚು ಹೊಸ ಕಂಪ್ರೆಸರ್ ಖರ್ಚಾಗುತ್ತದೆ.

ಎಸಿ ಹಾಕಿ ಮಲಗಿದರೆ ಸಾವು: ಎಚ್ಚರಿಕೆ ನಿಜ, ಕಾರಣ ಬೇರೆ

ನಿಂತ ಕಾರಿನಲ್ಲಿ ಎಸಿ ಹಾಕಿಕೊಂಡು ಮಲಗಿದವರು ಬೆಳಿಗ್ಗೆ ಏಳಲಿಲ್ಲ ಎಂಬ ಸುದ್ದಿಗಳ ಜೊತೆ ‘ಎಸಿ ಗ್ಯಾಸ್ ಸೋರಿ ಸಾವು’ ಎಂಬ ವಿವರಣೆ ಹರಿದಾಡುತ್ತದೆ. ಒಂದು ಸಣ್ಣ ಕಾರಿನಲ್ಲಿರುವ ಎಸಿ ಗ್ಯಾಸ್ ಸಾಮಾನ್ಯವಾಗಿ ಅರ್ಧ ಕೆಜಿ ಆಸುಪಾಸು. ಅದನ್ನು ಮೂಗಿಗೆ ಹಿಡಿದು ಸೇದುವುದು ಅಪಾಯವೇ ಸರಿ. ಆದರೆ ಇಂಥ ಸಾವುಗಳಲ್ಲಿ ಸಾಮಾನ್ಯ ಹಂತಕ ಅದಲ್ಲ, ಎಂಜಿನ್ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್.

ಕ್ಲಚ್ ಕೆಲಸ ಮಾಡುವ ರೀತಿ ತಿಳಿದಿದ್ದರೆ ಇದು ತಾನಾಗಿಯೇ ಅರ್ಥವಾಗುತ್ತದೆ. ಕ್ಲಚ್ ಹಿಡಿದರೂ ಬೆಲ್ಟ್ ತಿರುಗದಿದ್ದರೆ ಕಂಪ್ರೆಸರ್ ತಿರುಗದು. ಬೆಲ್ಟ್ ತಿರುಗಬೇಕೆಂದರೆ ಎಂಜಿನ್ ಓಡಬೇಕು. ಅಂದರೆ ರಾತ್ರಿಯಿಡೀ ಎಸಿ ಹಾಕಿ ಮಲಗುವುದೆಂದರೆ ರಾತ್ರಿಯಿಡೀ ಓಡುವ ಎಂಜಿನ್ ಪಕ್ಕದಲ್ಲಿ ಮಲಗುವುದು. ಸೈಲೆನ್ಸರ್‌ನಲ್ಲಿ ಬಿರುಕಿದ್ದರೆ, ಗಾಡಿ ಮುಚ್ಚಿದ ಶೆಡ್ಡಿನಲ್ಲಿದ್ದರೆ, ಹೊಗೆ ಕೊಳವೆಯ ಬಾಯಿಗೆ ಗೋಡೆಯೋ ಮಣ್ಣಿನ ದಿಬ್ಬವೋ ಅಡ್ಡವಿದ್ದರೆ ಹೊಗೆ ನಿಧಾನವಾಗಿ ಒಳಸೇರುತ್ತದೆ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಮಂಪರು ಇದರ ಲಕ್ಷಣ. ನಿದ್ದೆಯಲ್ಲಿದ್ದವರಿಗೆ ಇದಾವುದೂ ತಿಳಿಯುವುದಿಲ್ಲ.

ಕಾರಣ ತಪ್ಪಾಗಿ ತಿಳಿದರೆ ಏನು ನಷ್ಟ ಎನ್ನಬಹುದು. ನಷ್ಟ ದೊಡ್ಡದೇ. ‘ಎಸಿ ಗ್ಯಾಸ್ ಅಪಾಯ’ ಎಂದು ನಂಬಿದವರು ಎಸಿ ಆಫ್ ಮಾಡಿ, ಎಂಜಿನ್ ಓಡಲು ಬಿಟ್ಟು, ಫ್ಯಾನ್ ಹಾಕಿ ಮಲಗಬಹುದು. ‘ನಮ್ಮ ಗಾಡಿಯ ಗ್ಯಾಸ್ ಸೋರುತ್ತಿಲ್ಲ’ ಎಂದು ನಿಶ್ಚಿಂತರಾಗಬಹುದು. ಎರಡರಲ್ಲೂ ಅಪಾಯ ಹಾಗೇ ಉಳಿಯುತ್ತದೆ.

ಪುಣೆ, ಬೆಂಗಳೂರು ನಡುವಿನ ರಾಷ್ಟ್ರೀಯ ಹೆದ್ದಾರಿ 48 ಹಾವೇರಿ, ಮೋಟೆಬೆನ್ನೂರು, ರಾಣೇಬೆನ್ನೂರು ಮೇಲೆಯೇ ಹಾಯುತ್ತದೆ. ಢಾಬಾಗಳ ಪಕ್ಕ ಲಾರಿ ನಿಲ್ಲಿಸಿ ಮಲಗುವ ಚಾಲಕರಿದ್ದಾರೆ. ದೇವರಗುಡ್ಡದ ಕಾರಣಿಕಕ್ಕೆ, ಜಾತ್ರೆಗಳಿಗೆ ಬಂದು ಗಾಡಿಯಲ್ಲೇ ರಾತ್ರಿ ಕಳೆಯುವವರಿದ್ದಾರೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಅಧಿಸೂಚನೆಯಂತೆ, 2025ರ ಅಕ್ಟೋಬರ್ 1ರಿಂದ ತಯಾರಾಗುವ, ಒಟ್ಟು ತೂಕ 3.5 ಟನ್ ಮೀರಿದ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯವಾಗಿದೆ. ಬಿಸಿಲಲ್ಲಿ ದಿನವಿಡೀ ಓಡಿಸುವ ಚಾಲಕರಿಗೆ ಇದು ಒಳ್ಳೆಯ ಸುದ್ದಿ. ಆದರೆ ಎಸಿ ಇರುವ ಕ್ಯಾಬಿನ್ ಹೆಚ್ಚಿದಷ್ಟೂ ಅದರಲ್ಲಿ ಎಂಜಿನ್ ಓಡಿಸಿ ಮಲಗುವ ಆಸೆಯೂ ಹೆಚ್ಚುತ್ತದೆ.

ಆದ್ದರಿಂದ ಎಂಜಿನ್ ನಿಲ್ಲಿಸಿ, ಕಿಟಕಿ ತೆರೆದು ಮಲಗಿ. ಎಂಜಿನ್ ಓಡುತ್ತಿರುವಾಗ ಕಿಟಕಿಯನ್ನು ಬೆರಳಷ್ಟು ಇಳಿಸಿದರೆ ಸಾಕು ಎಂಬುದು ನಂಬುವಂಥ ರಕ್ಷಣೆಯಲ್ಲ. ಯಾರಾದರೂ ಮಂಪರಿನಲ್ಲಿ ಸಿಕ್ಕರೆ ಮೊದಲು ಹೊರಗಾಳಿಗೆ ಎಳೆದು ತನ್ನಿ, ಎಂಜಿನ್ ಆಫ್ ಮಾಡಿ, 108ಕ್ಕೆ ಕರೆ ಮಾಡಿ. ಇದೇ ಲೆಕ್ಕವನ್ನು ತಿರುಗಿಸಿ ನೋಡಿ: ಎಂಜಿನ್ ಆಫ್ ಮಾಡಿದ ಕೂಡಲೇ ಎಸಿಯೂ ನಿಲ್ಲುತ್ತದೆ. ‘ಈಗಷ್ಟೇ ಎಸಿ ಇತ್ತು, ಐದು ನಿಮಿಷ ತಾನೆ’ ಎಂದು ಮಗುವನ್ನು ಮುಚ್ಚಿದ ಕಾರಿನಲ್ಲಿ ಬಿಟ್ಟು ಅಂಗಡಿಗೆ ಹೋಗಬೇಡಿ. ಬಿಸಿಲಿನಲ್ಲಿ ಕಾರು ಕೆಲವೇ ನಿಮಿಷಗಳಲ್ಲಿ ಒಲೆಯಾಗುತ್ತದೆ.

ಗ್ಯಾರೇಜಿಗೆ ಹೋಗುವ ಮುನ್ನ

‘ಕಂಪ್ರೆಸರ್ ಹೋಗಿದೆ’ ಎಂದರೆ ಸಾವಿರಾರು ರೂಪಾಯಿ ಮಾತು. ಹಾಗೆಂದ ಕೂಡಲೇ ಒಪ್ಪುವ ಮೊದಲು ಸದ್ದಿನ ಲೆಕ್ಕ ಹಾಕಿ.

• ‘ಟಕ್’ ಸದ್ದೇ ಇಲ್ಲ, ತಂಪೂ ಇಲ್ಲ: ಫ್ಯೂಸ್, ರಿಲೇ, ಗ್ಯಾಸಿನ ಒತ್ತಡ, ಕಾಯಿಲ್ ಇವುಗಳಲ್ಲಿ ಯಾವುದಾದರೂ ಒಂದು ಇರಬಹುದು. ಕಂಪ್ರೆಸರ್ ಚೆನ್ನಾಗಿಯೇ ಇರಬಹುದು.

• ಬೆಳಿಗ್ಗೆ ತಂಪು, ಕಾದ ಮೇಲೆ ಇಲ್ಲ: ಹಾವೇರಿ ಬಿಟ್ಟಾಗ ಚೆನ್ನಾಗಿದ್ದ ಎಸಿ ಶಿಗ್ಗಾಂವಿ ದಾಟುವಷ್ಟರಲ್ಲಿ ನಿಂತು, ಗಾಡಿ ಆರಿದ ಮೇಲೆ ಮತ್ತೆ ಬಂದರೆ ಕ್ಲಚ್‌ನ ಸಂದನ್ನು ಅನುಮಾನಿಸಿ. ವರ್ಷಗಳ ಸವೆತದಿಂದ ಪ್ಲೇಟಿಗೂ ಪುಲ್ಲಿಗೂ ನಡುವಿನ ಸಂದು ಹೆಚ್ಚಿರುತ್ತದೆ. ಕಾಯಿಲ್ ಕಾದಾಗ ಅದರಲ್ಲಿ ಹರಿಯುವ ಕರೆಂಟ್ ಕಡಿಮೆಯಾಗಿ ಎಳೆತ ಸಾಲುವುದಿಲ್ಲ. ಹಲವು ಮಾದರಿಗಳಲ್ಲಿ ಒಳಗಿನ ತೆಳು ವಾಷರ್ ತೆಗೆದು ಸಂದು ಸರಿಪಡಿಸಬಹುದು.

• ಎಸಿ ಆಫ್ ಇದ್ದಾಗಲೂ ಗರಗರ ಸದ್ದು: ಸದಾ ತಿರುಗುವ ಪುಲ್ಲಿಯ ಬೇರಿಂಗ್ ಹೋಗಿರಬಹುದು. ‘ಎಸಿ ಬಳಸುವುದಿಲ್ಲ, ಇರಲಿ ಬಿಡು’ ಎನ್ನಬೇಡಿ. ಬೇರಿಂಗ್ ಹಿಡಿದುಕೊಂಡರೆ ಬೆಲ್ಟ್ ಸುಟ್ಟು ಹರಿಯುತ್ತದೆ. ಹಲವು ಗಾಡಿಗಳಲ್ಲಿ ಬ್ಯಾಟರಿ ಚಾರ್ಜಿಂಗ್, ನೀರಿನ ಪಂಪ್ ನಡೆಯುವುದೂ ಅದೇ ಬೆಲ್ಟಿನಿಂದ.

• ಎಸಿ ಹಾಕಿದಾಗ ಮಾತ್ರ ಕೀರಲು ಸದ್ದು, ಸುಟ್ಟ ವಾಸನೆ: ಬೆಲ್ಟ್ ಅಥವಾ ಕ್ಲಚ್ ಜಾರುತ್ತಿರಬಹುದು, ಇಲ್ಲವೇ ಕಂಪ್ರೆಸರ್ ಒಳಗೇ ಹಿಡಿಯುತ್ತಿರಬಹುದು. ಆಗ ಎಸಿ ಆಫ್ ಮಾಡಿ, ಬೇಗ ತೋರಿಸಿ.

ಮೇಸ್ತ್ರಿಯನ್ನು ಮೂರು ಪ್ರಶ್ನೆ ಕೇಳಿ: ಕಾಯಿಲ್‌ವರೆಗೆ ಕರೆಂಟ್ ಬರುತ್ತಿದೆಯೇ? ಗ್ಯಾಸಿನ ಒತ್ತಡ ಎಷ್ಟಿದೆ? ಕ್ಲಚ್ ಸಂದು ಅಳೆದಿರಾ? ಈ ಮೂರಕ್ಕೂ ಉತ್ತರ ಸಿಕ್ಕ ಮೇಲೆ ಕಂಪ್ರೆಸರ್ ಬದಲಿಸುವ ಮಾತು. ಹಲವು ಗಾಡಿಗಳಿಗೆ ಕಾಯಿಲ್, ಪ್ಲೇಟು, ಬೇರಿಂಗ್ ಬಿಡಿಬಿಡಿಯಾಗಿ ಸಿಗುತ್ತವೆ. ಕೆಲವಕ್ಕೆ ಸಿಗುವುದಿಲ್ಲ, ಅದನ್ನೂ ಕೇಳಿ ತಿಳಿದುಕೊಳ್ಳಿ. ಬಾನೆಟ್ ತೆಗೆದು ನೀವೇ ನೋಡುವುದಾದರೆ ಟವೆಲ್, ಸೆರಗು, ಕೈ ಬೆಲ್ಟಿನಿಂದ ದೂರವಿರಲಿ. ಮಳೆಗಾಲ, ಚಳಿಗಾಲದಲ್ಲೂ ತಿಂಗಳಿಗೊಮ್ಮೆ ಹತ್ತು ನಿಮಿಷ ಎಸಿ ಓಡಿಸಿದರೆ ಕಂಪ್ರೆಸರ್‌ನ ಸೀಲು ಎಣ್ಣೆ ಕಂಡು ಒಣಗದೆ ಉಳಿಯುತ್ತದೆ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

ಪೆಟ್ರೋಲ್, ಡೀಸೆಲ್ ಗಾಡಿಯ ಎಸಿ ನಡೆಯುವುದು ಎಂಜಿನ್‌ನಿಂದ. ಎಸಿ ಹಾಕಿ ಮಲಗಿದರೆ ಎಂಜಿನ್ ಹೊಗೆಯ ಪಕ್ಕದಲ್ಲೇ ಮಲಗಿದಂತೆ. ಎಂಜಿನ್ ನಿಲ್ಲಿಸಿ, ಕಿಟಕಿ ತೆರೆದು ಮಲಗಿ. ನಿಮ್ಮ ಮನೆಯಲ್ಲಿ, ಗ್ರೂಪಿನಲ್ಲಿ ಲಾರಿ, ಟ್ಯಾಕ್ಸಿ ಓಡಿಸುವವರು ಇದ್ದರೆ ಈ ನಾಲ್ಕು ಸಾಲು ಅವರಿಗೆ ಮೊದಲು ತಲುಪಲಿ.